ಹಲ್ಲು ಮುರಿಯದ ಕ್ಯಾಸೆಟ್

ಶಿರಸಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಹಿಡಿದ ಮಳೆ ಬಿಟ್ಟಿಲ್ಲ. ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು, ಹಾಗಾಗಿ ಈ ಪತ್ರವನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ನಿನಗೆ ಧ್ವನಿಗ್ರಹಣದ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತೆಂದು ನಿನ್ನ ಅಮ್ಮ ಫೋನ್ ಮಾಡಿದಾಗ ಅವಳ ದನಿಯಲ್ಲಿ ಅರ್ಧ ಸಂತೋಷ, ಅರ್ಧ ದೂರು ಇತ್ತು. "ನಿನ್ನ ಮೈಕ್‌ಸೆಟ್ಟಿನ ಹುಚ್ಚನ್ನು ನನ್ನ ಮಗಳಿಗೂ ಹತ್ತಿಸಿದೆಯಲ್ಲ ಅಣ್ಣಾ, ಇನ್ನು ನೀನೇ ಬುದ್ಧಿ ಹೇಳು" ಎಂದಳು. ಹೇಳುತ್ತಿದ್ದೇನೆ. ಅವಳು ಬಯಸಿದ ಬುದ್ಧಿ ಇದಲ್ಲದಿರಬಹುದು.

ನೀನು ಸೇರುತ್ತಿರುವುದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಗಲ್ಲ. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಸಿನಿಮಾದ ತಾಂತ್ರಿಕ ಪಾಠ ಶುರುವಾಗಿತ್ತು. ಅದರ ಬಳ್ಳಿಯೇ ಮುಂದೆ ಹೆಸರಘಟ್ಟದವರೆಗೆ ಹಬ್ಬಿದ್ದು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋಗಿ ಗುರುದತ್ತರ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದು ಏನು ಮಾಡಿದರೆಂಬುದು ಸಿನಿಮಾ ನೋಡುವವರಿಗೆಲ್ಲ ಗೊತ್ತು. ಶಬ್ದ ಕಲಿತವರ ಹೆಸರು ಕೇಳಿದರೆ ಮಾತ್ರ ಜನ ತಲೆ ಕೆರೆದುಕೊಳ್ಳುತ್ತಾರೆ. ಪುಣೆಯ ಸಿನಿಮಾ ಸಂಸ್ಥೆಯಲ್ಲಿ ಓದಿದ ರಸೂಲ್ ಪೂಕುಟ್ಟಿ 2009ರಲ್ಲಿ ಶಬ್ದದ ಕೆಲಸಕ್ಕೆ ಆಸ್ಕರ್ ಹಿಡಿದು ನಿಂತಾಗಲೇ ನಮ್ಮ ಊರಿನವರಿಗೆ ಇಂಥದ್ದೊಂದು ಕೆಲಸ ಇದೆಯೆಂದು ತಿಳಿದದ್ದು. ನಾನು ಇಪ್ಪತ್ತೆಂಟು ವರ್ಷ ತಾಳಮದ್ದಳೆಗೆ, ಮದುವೆಗೆ, ಗಣೇಶೋತ್ಸವಕ್ಕೆ ಮೈಕ್ ಕಟ್ಟಿದ್ದೇನೆ. ಎಲ್ಲ ಸರಿಯಾಗಿದ್ದ ರಾತ್ರಿ ಒಬ್ಬರೂ ನನ್ನ ಕಡೆ ನೋಡಿದ್ದಿಲ್ಲ. "ಕುಂಯ್" ಎಂದು ಒಮ್ಮೆ ಕೂಗಿಕೊಂಡಿತೋ, ಸಭೆಯ ಅಷ್ಟೂ ತಲೆ ಒಟ್ಟಿಗೆ ನನ್ನತ್ತ ತಿರುಗುತ್ತಿದ್ದವು. ನಿನಗೂ ಸಿಗುವ ಕೀರ್ತಿ ಬಹುಪಾಲು ಇದೇ ಬಗೆಯದು. ಒಪ್ಪಿಗೆಯಿದ್ದರೆ ಮುಂದೆ ಓದು.

ಮೊದಲ ವರ್ಷ ನಿನ್ನ ಜೊತೆಯವರು ಲ್ಯಾಪ್‌ಟಾಪಿನಲ್ಲಿ ಸಾಫ್ಟ್‌ವೇರ್ ತುಂಬಿಕೊಳ್ಳುವುದರಲ್ಲೇ ಮುಳುಗಿರುತ್ತಾರೆ. ನೀನು ಒಂದು ಒಳ್ಳೆಯ ಹೆಡ್‌ಫೋನ್ ಕೊಂಡು ಸುಮ್ಮನಿರು. ಯಾವ ಕೋಣೆಗೆ ಹೋದರೂ ಒಮ್ಮೆ ಚಪ್ಪಾಳೆ ತಟ್ಟು. ಎದುರುಬದುರು ಬರಿಗೋಡೆಯಿದ್ದರೆ ಚಪ್ಪಾಳೆಯ ಬಾಲ "ಟ್ರ್ರ್" ಎಂದು ನಡುಗುತ್ತದೆ. ದೇವಸ್ಥಾನದ ಪೌಳಿಯಲ್ಲಿ ಒಂದು ಬಗೆ, ಹಾಸಿಗೆ ಒಟ್ಟಿದ ಕೋಣೆಯಲ್ಲಿ ಇನ್ನೊಂದು ಬಗೆ. ರೆಕಾರ್ಡ್ ಗುಂಡಿ ಒತ್ತುವ ಮೊದಲೇ ಧ್ವನಿಗ್ರಹಣ ಮುಕ್ಕಾಲು ಮುಗಿದಿರುತ್ತದೆ ಎಂಬುದೇ ನಾನು ನಿನಗೆ ಹೇಳಬೇಕಾದದ್ದು. ಇದನ್ನು ನನಗೆ ಕಲಿಸಿದವರು ಯಾವ ಇಂಜಿನಿಯರೂ ಅಲ್ಲ, ಯಕ್ಷಗಾನದ ಪದ ಹಾಡುವ ಒಬ್ಬ ಮುದಿ ಭಾಗವತರು.

ಬಡಗುತಿಟ್ಟಿನ ಭಾಗವತರ ಕೈಯಲ್ಲಿ ತಾಳ ಇರುತ್ತದೆಂದು ನಿನಗೆ ಗೊತ್ತು. ನಾನು ಮೈಕನ್ನು ಮೇಲಿನಿಂದ ಇಳಿಬಿಟ್ಟು ಅವರ ಬಾಯಿಯ ಕಡೆಗೆ ತಿರುಗಿಸಿದ್ದೆ. ತಾಳದ ಲೋಹದ ಸದ್ದು ಹಾಡನ್ನೇ ಸೀಳಿಕೊಂಡು ಬರುತ್ತಿತ್ತು. ಟ್ರೆಬಲ್, ಅಂದರೆ ಚೂಪು ಸದ್ದಿನ ಗುಂಡಿ, ಇಳಿಸಿದೆ. ತಾಳ ಅಡಗಿತು, ಅದರೊಂದಿಗೆ ಸಾಹಿತ್ಯದ ಸಕಾರ, ಷಕಾರಗಳೂ ಅಡಗಿ, ಅವರು ಕಂಬಳಿ ಹೊದ್ದು ಹಾಡಿದಂತೆ ಕೇಳಿಸಿತು. ಅವರು ಪದ ನಿಲ್ಲಿಸಲಿಲ್ಲ. ಮದ್ದಳೆಯವನು ಪದದ ನಡುವಿನ ಬಿಡ್ತಿಗೆ ನುಡಿಸುತ್ತಿದ್ದಾಗ ಎಡಗೈಯಲ್ಲಿ ಸ್ಟ್ಯಾಂಡ್ ಹಿಡಿದು, ಮೈಕನ್ನು ಎದೆಯ ಮಟ್ಟಕ್ಕೆ ಇಳಿಸಿ, ಗಲ್ಲದ ಕಡೆಗೆ ಮುಖ ಮಾಡಿಟ್ಟರು. ಈಗ ತಾಳ ಮೈಕಿನ ಬೆನ್ನ ಕಡೆಗೆ ಬಂತು. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆ ಕಿವಿ ಮಂದ. ಆ ಹೆಸರು ಅವರಿಗೆ ತಿಳಿದಿರಲಿಲ್ಲ, ಮೂವತ್ತು ವರ್ಷ ಮೈಕಿನ ಮುಂದೆ ಕುಳಿತ ಅನುಭವ ಇತ್ತು, ಅಷ್ಟೆ. ಟ್ರೆಬಲನ್ನು ಮೊದಲಿದ್ದಲ್ಲಿಗೇ ತಂದೆ. ಅಂದಿನಿಂದ ಗುಂಡಿ ತಿರುಗಿಸುವ ಮೊದಲು ಎದ್ದು ಹೋಗಿ ಮೈಕು ಸರಿಸುವ ಅಭ್ಯಾಸವಾಯಿತು. ಕಾಲಿಗೆ ಸ್ವಲ್ಪ ನೋವು, ಕಿವಿಗೆ ತುಂಬ ಸುಖ.

ಎರಡು ಮೈಕು ಇಟ್ಟಾಗ ಇನ್ನೊಂದು ಪೇಚು. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಒಂದೇ ದನಿ ಒಂದು ಮೈಕಿಗಿಂತ ಇನ್ನೊಂದಕ್ಕೆ 34 ಸೆಂಟಿಮೀಟರ್ ಹೆಚ್ಚು ದೂರ ಸಾಗಿದರೆ ಒಂದು ಮಿಲಿಸೆಕೆಂಡ್ ತಡ. ಎರಡನ್ನೂ ಬೆರೆಸಿದಾಗ 500 ಹರ್ಟ್ಸ್ ಬಳಿ ಅಲೆಗಳು ಒಂದನ್ನೊಂದು ಹೊಡೆದುಹಾಕಿ, ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗಳು ಬಾವಿಯೊಳಗಿನಿಂದ ಮಾತನಾಡಿದಂತಾಗುತ್ತದೆ. ಕಲಾವಿದನಿಂದ ಮೈಕು ಎಷ್ಟು ದೂರವೋ ಮೊದಲ ಮೈಕಿನಿಂದ ಕನಿಷ್ಠ ಅದರ ಮೂರರಷ್ಟು ದೂರದಲ್ಲಿ ಎರಡನೆಯ ಮೈಕು ಇರಲಿ ಎನ್ನುವ ಲೆಕ್ಕವನ್ನು ನಿನಗೆ ಅಲ್ಲಿ ಹೇಳಿಕೊಡುತ್ತಾರೆ. ಬರೆದುಕೊಂಡು ಸುಮ್ಮನಾಗಬೇಡ, ಇಟ್ಟು ಕೇಳು, ಸರಿಸಿ ಕೇಳು.

ನನ್ನಿಂದ ಕಲಿಯಬಾರದ್ದೂ ಒಂದಿದೆ. ಟೇಪಿನ ಕಾಲದಲ್ಲಿ ಸದ್ದು ಕಡಿಮೆಯಿಟ್ಟರೆ "ಸ್ಸ್" ಎಂಬ ಹಿನ್ನೆಲೆ ಎದ್ದು ಕೇಳುತ್ತಿತ್ತು, ಆದ್ದರಿಂದ ಮೀಟರಿನ ಮುಳ್ಳನ್ನು ಕೆಂಪಿನ ಅಂಚಿನವರೆಗೂ ತಳ್ಳುತ್ತಿದ್ದೆವು. ಸ್ವಲ್ಪ ದಾಟಿದರೂ ಟೇಪು ಸಹಿಸಿಕೊಳ್ಳುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯವಿಲ್ಲ, ಮೀಟರಿನ ಸೊನ್ನೆ ದಾಟಿದ ಅಲೆಯ ತಲೆಯನ್ನು ಕತ್ತರಿಸಿಯೇ ಬಿಡುತ್ತದೆ. 24 ಬಿಟ್‌ನ ಡಿಜಿಟಲ್ ರೆಕಾರ್ಡಿಂಗಿನಲ್ಲಿ ಸರಾಸರಿ ಮೈನಸ್ 18 ಡೆಸಿಬೆಲ್ ಆಸುಪಾಸಿನಲ್ಲಿಟ್ಟರೂ ಏನೂ ಕಳೆದುಹೋಗದು. ನನಗೆ ಮಾತ್ರ ಇವತ್ತಿಗೂ ಕೈ ತಡೆಯುವುದಿಲ್ಲ.

ಬೆಸುಗೆ ಕಲಿ. ನನ್ನ ಹಳೆಯ 25 ವ್ಯಾಟಿನ ಸಾಲ್ಡರಿಂಗ್ ಐರನ್ ಕಳುಹಿಸುತ್ತಿದ್ದೇನೆ, ನಾಳೆಯ ರಾತ್ರಿ ಬಸ್ಸಿನಲ್ಲಿ ಬರುತ್ತದೆ. ಒಂದು ಸಲ ಇಡೀ ರಾತ್ರಿಯ ಕಾರ್ಯಕ್ರಮದ ಕೆಳಗೆ 50 ಹರ್ಟ್ಸಿನ "ಗುಂಯ್" ದನಿ ಶ್ರುತಿ ಪೆಟ್ಟಿಗೆಯಂತೆ ಹರಿದಿತ್ತು. ಕಾರಣ ಹುಡುಕಿದರೆ, ಒಂದು ಕೇಬಲ್ಲಿನ ಪಿನ್ನಿನಲ್ಲಿ ಹೊರಕವಚದ ತಂತಿ ಬಿಟ್ಟುಹೋಗಿತ್ತು. ಎರಡು ರೂಪಾಯಿಯ ಬೆಸುಗೆ ಸೀಸ ಸಾಕಿತ್ತು. ಕೇಬಲ್ ಸುತ್ತುವಾಗಲೂ ಮೊಣಕೈಗೆ ಹಗ್ಗದಂತೆ ಸುತ್ತಬೇಡ, ಒಂದು ಸುತ್ತು ಮೇಲಿನಿಂದ, ಮತ್ತೊಂದು ಅಡಿಯಿಂದ. ಹೊಸಬರನ್ನು ಕೆಲಸಕ್ಕೆ ಕರೆದವರು ಮೊದಲು ನೋಡುವುದು ಇದನ್ನೇ, ಸರ್ಟಿಫಿಕೇಟ್ ಆಮೇಲೆ.

ಕಿವಿಯ ಮಾತು. ನನ್ನ ಎಡಗಿವಿಯಲ್ಲಿ ಒಂದು ಜೀರುಂಡೆ ಇದೆ. ಹಾರ್ನ್ ಸ್ಪೀಕರಿನ ಪಕ್ಕದಲ್ಲೇ ಕುಳಿತು ರಾತ್ರಿಗಳನ್ನು ಕಳೆದದ್ದರ ಫಲ. ಮಳೆಗಾಲದ ಮೊದಲು ಕಾಡಿನ ಜೀರುಂಡೆಗಳು ಕೂಗುವಾಗ ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ತಿಳಿಯಲು ಕಿವಿ ಮುಚ್ಚಿಕೊಳ್ಳುತ್ತೇನೆ. ಮುಚ್ಚಿದರೂ ಕೂಗುತ್ತಿದ್ದರೆ ನನ್ನದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ, ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಅವಧಿ ಅರ್ಧ ಎಂದು ಲೆಕ್ಕ. 100ಕ್ಕೆ ಬಂದರೆ ಕಾಲು ಗಂಟೆ ಮಾತ್ರ ಉಳಿಯುತ್ತದೆ. ಕಿವಿಗೆ ಇಡುವ ಬೆಣೆ ಸದಾ ಚೀಲದಲ್ಲಿರಲಿ. ಗೆಳತಿಯರು ನಕ್ಕರೆ ನಗಲಿ.

ಈಗ ಹಲ್ಲಿನ ಕಥೆ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತಿದ್ದವು. ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುತ್ತಿರಲಿಲ್ಲ. 1991ರಲ್ಲಿ ಹಳ್ಳಿಯೊಂದರ ತಾಳಮದ್ದಳೆಯಲ್ಲಿ ಒಬ್ಬ ಹಿರಿಯ ಅರ್ಥಧಾರಿಯ ಕರ್ಣನನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆ. ಕುಂತಿಯೊಡನೆ ಆಡುವ ಮಾತು, ಇಡೀ ಸಭೆ ಉಸಿರು ಬಿಗಿಹಿಡಿದಿತ್ತು. ಮನೆಗೆ ಬಂದವನು ಹಲ್ಲು ಮುರಿಯಲಿಲ್ಲ, ಹೆಸರೂ ಬರೆಯಲಿಲ್ಲ, ಬೆಳಿಗ್ಗೆ ನೋಡೋಣವೆಂದು ಮಲಗಿದೆ. ತಿಂಗಳ ಬಳಿಕ ನನ್ನ ಸಹಾಯಕ ಖಾಲಿಯೆಂದು ತಿಳಿದು ಅದನ್ನು ಮದುವೆಯೊಂದಕ್ಕೆ ಒಯ್ದ. ಅವನ ತಪ್ಪೇನೂ ಇಲ್ಲ. ಈಗ ಹಾಕಿದರೆ ಕರ್ಣ "ತಾಯೀ, ಇಷ್ಟು ವರ್ಷ..." ಎನ್ನುತ್ತಾನೆ, ಮಾತು ಮುಗಿಯುವ ಮೊದಲೇ ಗಟ್ಟಿಮೇಳ. ಆ ಅರ್ಥಧಾರಿ ಮರುವರ್ಷ ತೀರಿಕೊಂಡರು.

1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮೊಫೋನಿಗಾಗಿ ತುತ್ತೂರಿಯಂಥ ಕೊಳವೆಯ ಮುಂದೆ ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಗ್ರಾಮೊಫೋನ್ ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಆಕೆ 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡಳು, ಹೆಸರು ಇಂದಿಗೂ ಆ ತಟ್ಟೆಗಳೊಳಗೇ ಇದೆ. ನೀನೂ ಪ್ರತಿ ರೆಕಾರ್ಡಿಂಗಿನ ಮೊದಲು ಯಾರು, ಎಲ್ಲಿ, ಯಾವ ತಾರೀಖು, ಯಾವ ಮೈಕು ಎಂದು ಬಾಯಿಬಿಟ್ಟು ಹೇಳು. ಕಡತಕ್ಕೆ "ಹೊಸದು ಕೊನೆಯದು 2" ಎಂದು ಹೆಸರಿಡಬೇಡ. ಮೂರು ಪ್ರತಿ ಮಾಡು, ಒಂದನ್ನು ಬೇರೆ ಊರಿನಲ್ಲಿಡು. ನನ್ನ ಕಪಾಟು ಬೇರೆ ಊರೇ, ಬಾಡಿಗೆ ಕೇಳುವುದಿಲ್ಲ.

ನಿನ್ನ ಅಮ್ಮನಿಗೆ ಇರುವ ಚಿಂತೆ ಎರಡು: ರಾತ್ರಿ ಕೆಲಸ ಮತ್ತು ಹಣ. ಎರಡೂ ನಿಜವೇ. ಡಬ್ಬಿಂಗ್ ಸ್ಟುಡಿಯೋ, ಟಿವಿ ವಾಹಿನಿ, ಚಿತ್ರೀಕರಣದ ಜಾಗ, ಎಲ್ಲೇ ಆದರೂ ಹೊತ್ತುಗೊತ್ತಿಲ್ಲದ ಕೆಲಸ. ಹೊರಡುವ ಮೊದಲೇ ಮರಳಿ ಬಿಡುವ ವಾಹನ ಯಾವುದು, ಜೊತೆಗೆ ಯಾರಿರುತ್ತಾರೆ ಎಂದು ಕೇಳು, ಕೇಳಲು ಸಂಕೋಚ ಬೇಡ. "ಹೆಸರು ಬರುತ್ತದೆ, ಹಣ ಆಮೇಲೆ" ಎನ್ನುವವರ ಹತ್ತಿರ ಎರಡನೆಯ ಸಲ ಹೋಗಬೇಡ. ನನಗೆ ಹಾಗೆ ಹೇಳಿದ ಒಬ್ಬ ಕ್ಯಾಸೆಟ್ ವ್ಯಾಪಾರಿಯಿಂದ ಇನ್ನೂ ಬಾಕಿ ಬರಬೇಕಿದೆ, ಹೆಸರೂ ಬರಲಿಲ್ಲ. ಸಿನಿಮಾ ಒಂದನ್ನೇ ನೆಚ್ಚಬೇಡ. ಆಡಿಯೊ ಪುಸ್ತಕ, ಪಾಡ್‌ಕಾಸ್ಟ್, ಸಭಾಂಗಣಗಳಿಗೆ ಧ್ವನಿ ಕಟ್ಟುವ ಕೆಲಸ ಎಲ್ಲವೂ ಇದೇ ವಿದ್ಯೆ. ಊರಿನ ಮೈಕ್‌ಸೆಟ್ಟನ್ನು ಕೀಳಾಗಿ ಕಾಣುವ ಮೇಷ್ಟ್ರು ಯಾರಾದರೂ ಸಿಕ್ಕರೆ ಎದುರು ಮಾತನಾಡಬೇಡ, ಜಾತ್ರೆಗೆ ಕರೆದುಕೊಂಡು ಬಾ.

ದಸರೆ ರಜೆಗೆ ಬಂದಾಗ ಅಟ್ಟದ ಮೇಲಿನ ಎರಡು ಟ್ರಂಕು ಇಳಿಸೋಣ. ಈ ಮಳೆಗೆ ಕೆಲವು ಕ್ಯಾಸೆಟ್ಟುಗಳ ಮೇಲೆ ಬಿಳಿ ಬೂಸ್ಟು ಕೂತಿದೆ. ಡೆಕ್ಕಿನ ಬೆಲ್ಟು ಬದಲಿಸಿಟ್ಟಿದ್ದೇನೆ, ಟೇಪು ಓದುವ ಹೆಡ್ಡಿನ ತಿರುಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸುತ್ತ ತಾಳದ ಸದ್ದು ಎಲ್ಲಿ ತಿಳಿಯಾಗುತ್ತದೆಂದು ಕೇಳಲು ಮಾತ್ರ ನನ್ನ ಕಿವಿ ಸಾಲದು, ನಿನ್ನದೇ ಬೇಕು. ಬರುವಾಗ ಹೆಡ್ಡು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಬಾಟಲಿ ತಾ, ಇಲ್ಲಿಯ ಔಷಧದಂಗಡಿಯವನು ಮೂರು ವಾರದಿಂದ "ನಾಳೆ" ಎನ್ನುತ್ತಿದ್ದಾನೆ. ಅತ್ತೆ ತೊಡೆದೇವು ಕಟ್ಟಿಡುವಳಂತೆ.

ಇತಿ ನಿನ್ನ,
ಮಾವ