ಬೈಕ್ ಕೊಳ್ಳಲು ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಬೈಕ್ ಸುದ್ದಿ ಹೇಳಿದ್ದೇ ತಡ, ನಿನ್ನಮ್ಮ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನಾನು ಜೋರು ಮಾಡಿದೆ. ನೀನೂ ಬಿಡಲಿಲ್ಲ. "ನೀವು ಇಷ್ಟು ವರ್ಷ ಬಸ್ ಓಡಿಸಿಲ್ವಾ ಅಪ್ಪ, ನಿಮಗೆ ಯಾರಾದ್ರೂ ಬೇಡ ಅಂದ್ರಾ?" ಅಂತ ಕೇಳಿದೆ. ಉತ್ತರ ಹೊಳೆಯಲಿಲ್ಲ, ಅದಕ್ಕೇ ಇನ್ನೂ ಜೋರು ಮಾಡಿದೆ. ಆವತ್ತಿನಿಂದ ನಿನ್ನ ಫೋನ್ ಇಲ್ಲ. ಬೇಜಾರು ಮಾಡಿಕೊಳ್ಳಬೇಡ ಮಗಳೇ. ಮಾತಾಡಲು ಹೋದರೆ ಮತ್ತೆ ಗಲಾಟೆ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅರ್ಧಕ್ಕೆ ಬಿಡದೆ ಓದು.

ಬೇಡ ಅನ್ನಲು ಬರೆಯುತ್ತಿಲ್ಲ. ನಿನ್ನ ಸಂಬಳ, ನಿನ್ನ ದುಡಿಮೆ. ಹುಡುಗಿ ಅನ್ನುವ ಕಾರಣಕ್ಕೆ ನಿನಗೆ ಯಾವತ್ತೂ ಏನನ್ನೂ ಬೇಡ ಅಂದವನಲ್ಲ. ಮರುದಿನ ಡಿಪೋದಲ್ಲಿ, ನನ್ನ ಮಗಳು ಸ್ವಂತ ದುಡ್ಡಿನಲ್ಲಿ ಬೈಕ್ ತಗೊಳ್ತಿದ್ದಾಳೆ ಅಂತ ನಾನೇ ಹೇಳಿಕೊಂಡು ಓಡಾಡಿದೆ. ಎಲ್ಲರೂ ಟೀ ಕೊಡಿಸು ಅಂದರು, ಕೊಡಿಸಿದೆ.

ಚಿಕ್ಕಪ್ಪನ ವಿಷಯ ಎತ್ತುವುದಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. ಅಮ್ಮ ಯಾಕೆ ಎದ್ದು ಹೋದಳು ಅನ್ನುವುದೂ ನಿನಗೆ ಗೊತ್ತು. ನಾನು ಹೇಳಬೇಕಾಗಿರುವುದು ಬೇರೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಅರಸೀಕೆರೆ ರೂಟಿನಲ್ಲಿದ್ದಾಗಿನ ಮಾತು. ಹುರುಳಿ ಕಟಾವಿನ ಕಾಲ. ನಮ್ಮ ಕಡೆ ಗೊತ್ತಲ್ವಾ, ಗಾಡಿ ಹತ್ತಿ ಒಕ್ಕಣೆ ಆಗಲಿ ಅಂತ ಗಿಡ ಸಮೇತ ರಸ್ತೆಗೆ ಹರಡಿರುತ್ತಾರೆ. ಬಸ್ಸಿಗೆ ಅದು ಲೆಕ್ಕಕ್ಕಿಲ್ಲ. ನನ್ನ ಮುಂದೆ ಒಬ್ಬ ಹುಡುಗ ಬೈಕಿನಲ್ಲಿ ಹೋಗುತ್ತಿದ್ದ. ಜಾಸ್ತಿ ಸ್ಪೀಡೇನೂ ಇರಲಿಲ್ಲ. ಹುರುಳಿ ಮೇಲೆ ಬಂದವನು ಗಾಬರಿಯಾಗಿ ಬ್ರೇಕ್ ಹಿಡಿದ. ಗಾಡಿ ಸರ್ರನೆ ಜಾರಿ ಮಲಗಿತು. ನಾನು ಬಸ್ ನಿಲ್ಲಿಸಿ ಇಳಿದೆ. ಹುಡುಗ ಅಲ್ಲಿ ಬಿದ್ದಿದ್ದ. ಅವನ ಹೆಲ್ಮೆಟ್ ಉರುಳಿಕೊಂಡು ಬಂದು ನನ್ನ ಬಸ್ಸಿನ ಮುಂದಿನ ಚಕ್ರದ ಹತ್ತಿರ ನಿಂತಿತ್ತು.

ಕಂಡಕ್ಟರ್ 108ಕ್ಕೆ ಫೋನ್ ಮಾಡಿದ. ಪ್ಯಾಸೆಂಜರುಗಳು ಹುಡುಗನ ಸುತ್ತ ಸೇರಿದರು. ನಾನು ಆ ಹೆಲ್ಮೆಟ್ ಎತ್ತಿಕೊಂಡೆ. ಒಳ್ಳೆಯ ಹೆಲ್ಮೆಟ್ ಪುಟ್ಟಿ. ಮುಖ ಪೂರ್ತಿ ಮುಚ್ಚುವಂಥದ್ದು, ಹಿಂದೆ ಐಎಸ್‌ಐ ಗುರುತು ಇತ್ತು. ಗಾಜಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೂಡ ಅವನು ಕಿತ್ತಿರಲಿಲ್ಲ. ಗದ್ದದ ಸ್ಟ್ರಾಪನ್ನು ಅಂಗಡಿಯವನು ಮಡಚಿ ರಬ್ಬರ್ ಬ್ಯಾಂಡ್ ಹಾಕಿದ್ದನಲ್ಲ, ಆ ರಬ್ಬರ್ ಬ್ಯಾಂಡ್ ಹಾಗೇ ಇತ್ತು. ಒಂದು ಸಲವೂ ಬಿಚ್ಚಿರಲಿಲ್ಲ. ಅಂದರೆ ಅವನು ಆ ಸ್ಟ್ರಾಪನ್ನು ಯಾವತ್ತೂ ಹಾಕಿಯೇ ಇರಲಿಲ್ಲ. ಆಂಬುಲೆನ್ಸ್ ಬಂದು ಕರಕೊಂಡು ಹೋಯಿತು. ಆಮೇಲೆ ಏನಾಯಿತೋ ಗೊತ್ತಿಲ್ಲ. ವಿಚಾರಿಸಲು ನನಗೆ ಧೈರ್ಯ ಬರಲಿಲ್ಲ.

ನೀನು ಬೈಕ್ ಅಂದ ತಕ್ಷಣ ನನ್ನ ಕಣ್ಣಿಗೆ ಬಂದಿದ್ದು ಆ ರಬ್ಬರ್ ಬ್ಯಾಂಡ್.

ಅದಕ್ಕೇ ಮೊದಲು ಹೆಲ್ಮೆಟ್ ಮಾತು. ಹೈವೇ ಪಕ್ಕ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಮಾರುತ್ತಾರಲ್ಲ, ಅಲ್ಲಿ ತಗೋಬೇಡ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟನ್ನು ಮಾಡುವ ಹಾಗೂ ಇಲ್ಲ, ಮಾರುವ ಹಾಗೂ ಇಲ್ಲ. ಆದರೂ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಗುರುತಿನ ಜೊತೆ ಐಎಸ್ 4151 ಅಂತ ಹೆಲ್ಮೆಟ್ ಮಾನದಂಡದ ನಂಬರ್ ಇರಬೇಕು, ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ಲೈಸೆನ್ಸ್ ನಂಬರನ್ನು, ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಎರಡು ಮೂರು ಸಾವಿರಕ್ಕೆ ಒಳ್ಳೆಯ ಫುಲ್ ಫೇಸ್ ಸಿಗುತ್ತದೆ. ವೇಗಾ ನಮ್ಮ ಬೆಳಗಾವಿಯದೇ ಕಂಪನಿ. ಸ್ಟಡ್ಸ್, ಸ್ಟೀಲ್‌ಬರ್ಡ್ ಯಾವುದಾದರೂ ಆಗಬಹುದು. ಹಾಫ್ ಹೆಲ್ಮೆಟ್ ಮಾತ್ರ ಬೇಡ. ಬಿದ್ದಾಗ ಗದ್ದಕ್ಕೂ ಹಲ್ಲಿಗೂ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಸೈಜು ಅಂಗಡಿಯಲ್ಲೇ ನೋಡು, ಆನ್‌ಲೈನಿನಲ್ಲಿ ತರಿಸಬೇಡ. ಹಾಕಿಕೊಂಡಾಗ ಕೆನ್ನೆ ಒತ್ತಬೇಕು. ಹೆಲ್ಮೆಟ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಬರಬೇಕು. ಹತ್ತು ನಿಮಿಷ ಹಾಕಿಕೊಂಡು ಅಂಗಡಿಯಲ್ಲೇ ಓಡಾಡು, ಹಣೆ ನೋಯುತ್ತಾ ಅಂತ ನೋಡು. ನೀನು ಆಫೀಸಿಗೆ ಹೋಗುವಾಗ ಕೂದಲು ಹೇಗೆ ಕಟ್ಟುತ್ತೀಯೋ ಹಾಗೆ ಕಟ್ಟಿಕೊಂಡೇ ಹೋಗಿ ನೋಡು. ತುರುಬು, ದೊಡ್ಡ ಕ್ಲಿಪ್ ಇದ್ದರೆ ಹೆಲ್ಮೆಟ್ ಪೂರ್ತಿ ಕೆಳಗೆ ಇಳಿಯುವುದಿಲ್ಲ. ಕುತ್ತಿಗೆ ಹತ್ತಿರ ಸಡಿಲ ಜಡೆ ಆದರೆ ಸರಿ. ಆಮೇಲೆ ಸ್ಟ್ರಾಪ್ ಹಾಕಿ, ಹಿಂದಿನಿಂದ ಕೈ ಕೊಟ್ಟು ಮುಂದಕ್ಕೆ ಎತ್ತಿ ನೋಡು. ಕಳಚಿ ಬಂದರೆ ಆ ಹೆಲ್ಮೆಟ್ ನಿನ್ನದಲ್ಲ. ಗದ್ದದ ಕೆಳಗೆ ಒಂದೆರಡು ಬೆರಳು ಹೋಗುವಷ್ಟು ಬಿಗಿ ಸಾಕು.

ಹೆಲ್ಮೆಟ್ ಕೈಜಾರಿ ಜೋರಾಗಿ ಬಿದ್ದರೆ ಇನ್ನೊಂದು ತಗೋ. ಒಳಗಿನ ಥರ್ಮಾಕೋಲ್ ಪದರ ತಾನು ಅದುಮಿಕೊಂಡು ಪೆಟ್ಟು ತಡೆಯುತ್ತದೆ. ಒಂದು ಸಲ ಅದುಮಿದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಅದಕ್ಕೇ ಬೇರೆಯವರು ಹಾಕಿದ ಹೆಲ್ಮೆಟ್ ಬೇಡ, ಎಷ್ಟೇ ಪರಿಚಯದವರದ್ದಾದರೂ. ರಾತ್ರಿ ಕಪ್ಪು ಗಾಜು ಬೇಡ. ನಿನ್ನ ರೂಮ್‌ಮೇಟ್ ಹಿಂದೆ ಕೂರುತ್ತಾಳೆ ಅಂದೆಯಲ್ಲ, ಅವಳಿಗೂ ಇಂಥದ್ದೇ ಹೆಲ್ಮೆಟ್ ಬೇಕು. ನಮ್ಮ ರಾಜ್ಯದಲ್ಲಿ 2016ರಿಂದಲೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಪೊಲೀಸರಿಗೆ ತೋರಿಸಲು ಟೋಪಿ ತರಹದ್ದೊಂದನ್ನು ಅವಳ ತಲೆಗೆ ಸಿಕ್ಕಿಸಬೇಡ. ಅವಳಿಗೂ ಅಪ್ಪ ಅಮ್ಮ ಇದ್ದಾರೆ.

ಆ ಹುಡುಗ ಹೆಲ್ಮೆಟ್‌ಗೆ ದುಡ್ಡು ಹಾಕಿದ್ದ ಪುಟ್ಟಿ. ಅದೇ ನನಗೆ ಅರಗದ ವಿಷಯ. ಉಡಾಫೆಯ ಹುಡುಗ ಆಗಿದ್ದರೆ ಕೊಂಡೇ ಇರುತ್ತಿರಲಿಲ್ಲ. ಅಥವಾ ಅವನಪ್ಪ ಕೊಡಿಸಿದ್ದನೋ ಏನೋ. ಸ್ಟ್ರಾಪ್ ಸಿಕ್ಕಿಸಲು ಎಷ್ಟು ಹೊತ್ತು ಬೇಕು ಹೇಳು? ಪಕ್ಕದೂರಿಗೆ ತಾನೇ ಅಂದುಕೊಂಡಿರಬಹುದು. ಸೆಖೆ ಅಂತ ಬಿಟ್ಟಿರಬಹುದು. ಸಿಗ್ನಲ್‌ನಲ್ಲಿ ಬಸ್ಸಿನ ಸೀಟಿನಿಂದ ಕೆಳಗೆ ನೋಡಿದರೆ ನನಗೆ ಎಲ್ಲರ ಗದ್ದವೇ ಕಾಣುತ್ತದೆ. ಎಷ್ಟೋ ಜನರ ಸ್ಟ್ರಾಪ್ ಸುಮ್ನೆ ನೇತಾಡುತ್ತಿರುತ್ತದೆ. ಕೂಗಿ ಹೇಳಿದ್ದೂ ಇದೆ. ಕೆಲವರು ಹಾಕಿಕೊಳ್ಳುತ್ತಾರೆ, ಕೆಲವರು ಗುರಾಯಿಸುತ್ತಾರೆ.

ಇನ್ನು ಗಾಡಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಅಂದೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ತೂಕ 195 ಕೆಜಿ. ನೀನು ಇಷ್ಟು ದಿನ ಓಡಿಸಿದ ಸ್ಕೂಟರ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು, ಅಷ್ಟೇ. ಓಡುವಾಗ ತೂಕ ಗೊತ್ತಾಗುವುದಿಲ್ಲ. ಪಾರ್ಕಿಂಗಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ, ಸಿಗ್ನಲ್‌ನಲ್ಲಿ ಒಂದು ಕಾಲು ಗುಂಡಿಗೆ ಇಳಿದಾಗ ಗೊತ್ತಾಗುತ್ತದೆ. ನನ್ನ ಮಾತು ಕೇಳುವುದಾದರೆ ಮೊದಲ ಒಂದೆರಡು ವರ್ಷ 150, 160 ಸಿಸಿ ಗಾಡಿ ತಗೋ. ಕೈ ಪಳಗಿದ ಮೇಲೆ ಯಾವುದು ಬೇಕಾದರೂ ಸರಿ. ಇಲ್ಲ, 350 ಸಿಸಿಯೇ ಬೇಕು ಅಂದರೆ ಅದೇ ಕಂಪನಿಯ ಹಂಟರ್ ಇದೆ, 181 ಕೆಜಿ. ಯಾವುದೇ ಆಗಲಿ, ಸೀಟಿನ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಊರಬೇಕು. ಬೆರಳ ತುದಿಯಲ್ಲಿ ನಿಲ್ಲುವುದಲ್ಲ. ಎಂಜಿನ್ ಆಫ್ ಮಾಡಿ ಶೋರೂಮ್ ಮುಂದೆ ಒಂದು ರೌಂಡ್ ತಳ್ಳಿಕೊಂಡು ಬಾ. ಕೊಳ್ಳುವುದು ಬಿಡುವುದು ಆಮೇಲೆ.

ನಿನ್ನ ಆಫೀಸಿನವರ ಹಳೇ ಬೈಕ್ ಇದೆ, ಕಡಿಮೆಗೆ ಬರುತ್ತದೆ ಅಂದಿದ್ದೆ. ಅದು ಯಾವ ವರ್ಷದ್ದು ಕೇಳು. 125 ಸಿಸಿಗಿಂತ ಮೇಲಿನ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯದಾದರೆ ಇರಲೂಬಹುದು, ಇಲ್ಲದಿರಲೂಬಹುದು. ಗಾಬರಿಯಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ಈ ಎಬಿಎಸ್ ನೋಡಿಕೊಳ್ಳುತ್ತದೆ. ಹೊಸಬರಿಗೆ ಗಾಬರಿ ಜಾಸ್ತಿ, ಹಾಗಾಗಿ ಎಬಿಎಸ್ ಇಲ್ಲದ್ದು ಬೇಡ. ಎರಡೂ ಚಕ್ರಕ್ಕೆ ಇದ್ದರೆ ಇನ್ನೂ ಒಳ್ಳೆಯದು. ಹುರುಳಿ ಮೇಲೆ, ಮರಳಿನ ಮೇಲೆ ಮಾತ್ರ ಅದನ್ನು ನಂಬಬೇಡ. ಅಂಥ ಕಡೆ ದೂರದಿಂದಲೇ ನಿಧಾನ ಮಾಡಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಬೇಕು.

ಹಳೇ ಗಾಡಿ ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಚಾಸಿ ನಂಬರ್ ಆರ್‌ಸಿಯಲ್ಲಿ ಇರುವ ಹಾಗೇ ಇದೆಯಾ, ಲೋನ್ ತೀರಿದೆಯಾ ನೋಡು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟೈರ್. ಗೀರು ಎಷ್ಟೇ ಆಳ ಇದ್ದರೂ ಹಳೇ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ.

ಮತ್ತೊಂದು. ನಿನ್ನ ಲೈಸೆನ್ಸ್ ಗೇರ್ ಇಲ್ಲದ ಗಾಡಿಯದು. ಅದರಲ್ಲಿ ಬೈಕ್ ಓಡಿಸುವ ಹಾಗಿಲ್ಲ. ಗೇರ್ ಗಾಡಿಗೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿ, 30 ದಿನ ಆದ ಮೇಲೆ ಟೆಸ್ಟ್ ಕೊಟ್ಟು ಸೇರಿಸಿಕೋ. ಹೆಚ್ಚುಕಮ್ಮಿ ಆದರೆ ಇನ್ಶೂರೆನ್ಸಿನವರು ಮೊದಲು ಕೇಳುವುದೇ ಅದನ್ನು. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಹೇಗಿದ್ದರೂ ಕಟ್ಟಬೇಕು, ಆದರೆ ಅದು ಎದುರಿನವರಿಗೆ. ನಿನಗೆ ಅಂತ 15 ಲಕ್ಷದ ಅಪಘಾತ ವಿಮೆ ಬೇರೆ ಇದೆ. ದುಡ್ಡು ಉಳಿಸಲು ಅದನ್ನು ತೆಗೆಸಬೇಡ.

ಜಾಕೆಟ್, ಗ್ಲೌಸ್, ಶೂ ಎಲ್ಲಾ ಬೇಕು. ಬಿದ್ದರೆ ಯಾರೇ ಆಗಲಿ ಮೊದಲು ಕೈ ಊರುತ್ತಾರೆ. ಅಂಗೈ ಕಿತ್ತು ಹೋದರೆ ತಿಂಗಳುಗಟ್ಟಲೆ ನೀನೇ ತುತ್ತು ತಿನ್ನಲು ಆಗುವುದಿಲ್ಲ. ಜಾಕೆಟ್‌ಗೆ ಭುಜ, ಮೊಣಕೈ ಹತ್ತಿರ ಸಿಇ ಅನ್ನುವ ಯುರೋಪಿನ ಸುರಕ್ಷತಾ ಗುರುತಿನ ಗಾರ್ಡ್ ಇರಬೇಕು. ಬೆನ್ನಿನ ಕಡೆ ಕೈ ಹಾಕಿ ನೋಡು, ಬಹಳ ಜಾಕೆಟ್‌ಗಳಲ್ಲಿ ಅಲ್ಲಿ ಸುಮ್ನೆ ಸ್ಪಂಜು ಇಟ್ಟಿರುತ್ತಾರೆ. ಬೆಂಗಳೂರಿನ ಬಿಸಿಲಿಗೆ ಗಾಳಿಯಾಡುವ ಮೆಶ್ ಜಾಕೆಟ್ ಸಾಕು. ಶೂ ಪಾದದ ಮೇಲಿನ ಗಂಟು ಮುಚ್ಚಬೇಕು. ದುಪಟ್ಟಾ ಬ್ಯಾಗಿನೊಳಗೆ ಇರಲಿ. ಸೀರೆ ಗಾರ್ಡ್ ತೆಗೆಸಿದರೆ ಗಾಡಿ ಸ್ಟೈಲಾಗಿ ಕಾಣುತ್ತೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಿರಲಿ ಅಂತಲೇ ಅದು ಇರುವುದು.

ಬಸ್ ಓಡಿಸುವವನಾಗಿ ಒಂದು ಹೇಳುತ್ತೇನೆ. ಬಸ್ಸಿನ ಎಡಗಡೆ ನುಗ್ಗಬೇಡ. ಮುಂದಿನ ಬಾಗಿಲಿನ ಕೆಳಗೆ ನೀನಿದ್ದರೆ ನನಗೆ ಕಾಣುವುದೇ ಇಲ್ಲ. ಬಸ್ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗೆ ಎಳೆದುಕೊಂಡು ಬರುತ್ತದೆ. ಅಲ್ಲಿ ಸಿಕ್ಕಿಕೊಂಡವರಿಗೆ ಜಾಗವೇ ಇರುವುದಿಲ್ಲ. ಕನ್ನಡಿಯಲ್ಲಿ ಡ್ರೈವರನ ಮುಖ ನಿನಗೆ ಕಂಡರೆ ಅವನಿಗೂ ನೀನು ಕಾಣುತ್ತೀಯ, ಇಲ್ಲದಿದ್ದರೆ ಇಲ್ಲ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗಬೇಡ. 60ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್ ದಾಟಿರುತ್ತೀಯ, ಅಂದರೆ ನೀನು ಬ್ರೇಕ್ ಮುಟ್ಟುವ ಮೊದಲೇ ಒಂದು ಬಸ್ಸಿನ ಉದ್ದಕ್ಕಿಂತ ಜಾಸ್ತಿ ಮುಂದೆ ಹೋಗಿರುತ್ತೀಯ. ಮೊದಲ ಮಳೆ ಬಿದ್ದಾಗ ರಸ್ತೆಯ ಆಯಿಲ್ ಮೇಲೆ ಬರುತ್ತದೆ. ಆ ಹೊತ್ತು ಎಲ್ಲಾದರೂ ನಿಲ್ಲಿಸಿ ಕಾಫಿ ಕುಡಿ.

ಊರಿಗೆ ಬೈಕಿನಲ್ಲೇ ಬರ್ತೀನಿ ಅಂದೆಯಲ್ಲ, ಮೊದಲ ಆರು ತಿಂಗಳು ಬೇಡ. ಆಮೇಲೂ ಬೆಳಿಗ್ಗೆ ಹೊರಟು ಹಗಲಲ್ಲೇ ಬಾ. ಕುಣಿಗಲ್ ದಾಟಿದ ಮೇಲೆ ರಾತ್ರಿ ಹೊತ್ತು ಹಿಂದಿನ ಲೈಟ್ ಇಲ್ಲದೆ ಲಾರಿ ನಿಲ್ಲಿಸಿರುತ್ತಾರೆ. ಮೈಸೂರಿಗೆ ಹೋಗುವುದಾದರೆ ಎಕ್ಸ್‌ಪ್ರೆಸ್‌ವೇ ಹತ್ತಬೇಡ, 2023ರ ಆಗಸ್ಟ್‌ನಿಂದ ಅಲ್ಲಿ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಇಷ್ಟರಲ್ಲಿ ಅರ್ಧ ನೀನು ಮರೆತರೂ ಪರವಾಗಿಲ್ಲ. ಸ್ಟ್ರಾಪ್ ಒಂದು ಮರೆಯಬೇಡ. ಅಂಗಡಿಗೆ ಹೋಗಿ ಹಾಲು ತರುವುದಾದರೂ ಸರಿ, ಗಾಡಿಯನ್ನು ಪಾರ್ಕಿಂಗಿನಿಂದ ಗೇಟಿಗೆ ತರುವುದಾದರೂ ಸರಿ, ಮೊದಲು ಸ್ಟ್ರಾಪ್, ಆಮೇಲೆ ಕೀ.

ನಿನ್ನ ಅಕೌಂಟಿಗೆ ಐದು ಸಾವಿರ ಹಾಕಿದ್ದೇನೆ. ಅದು ಎರಡು ಹೆಲ್ಮೆಟ್‌ಗೆ, ಬೇರೆ ಯಾವುದಕ್ಕೂ ಅಲ್ಲ. ಬರುವ ಬುಧವಾರ ನನಗೆ ವೀಕ್ಲಿ ಆಫ್. ಬೆಳಗಿನ ಮೊದಲ ಬಸ್ಸಿಗೆ ಹತ್ತುತ್ತೇನೆ, ನೀನು ಅರ್ಧ ದಿನ ರಜೆ ಹಾಕು. ಮೊದಲು ಹೆಲ್ಮೆಟ್ ಅಂಗಡಿ, ಆಮೇಲೆ ಶೋರೂಮ್. ಅಷ್ಟರಲ್ಲಿ ಅಮ್ಮನಿಗೆ ಫೋನ್ ಮಾಡು. ಬೈಕ್ ಮಾತು ನೀನಾಗಿ ತೆಗೆಯಬೇಡ, ಅವಳೇ ಕೇಳುತ್ತಾಳೆ. ಯಾವ ಬಣ್ಣ ಅಂತ ನಿನ್ನೆ ರಾತ್ರಿ ನನ್ನನ್ನು ಕೇಳಿದಳು, ನನಗೆ ಗೊತ್ತಿರಲಿಲ್ಲ.

ನಿನ್ನ
ಅಪ್ಪ