ನಾಳೆ ಕರೆಂಟ್ ಇರಲ್ಲ, ಮೀನಿನ ಟ್ಯಾಂಕ್ ಇರೋರು ಓದಿ

ಎಲ್ರಿಗೂ ನಮಸ್ಕಾರ 🙏 ನಾಳೆ ಭಾನುವಾರ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ನಮ್ಮ ಏರಿಯಾದಲ್ಲಿ ಕರೆಂಟ್ ಇರಲ್ಲ, ಯುಪಿಎಸ್ ಇಲ್ದೆ ಫಿಲ್ಟರ್ ಓಡ್ಸೋರು ಗಮನಿಸಿ, ಗೋಲ್ಡ್‌ಫಿಶ್ ಇಟ್ಟಿರೋರಂತೂ ಖಂಡಿತ.

ಆಕ್ಸಿಜನ್ ನೀರಿಗೆ ಸೇರೋದು ಹೆಚ್ಚಾಗಿ ಮೇಲ್ಗಡೆಯಿಂದ. ಏರ್ ಪಂಪ್ ಬಿಡೋ ಗುಳ್ಳೆಯಿಂದ ನೇರವಾಗಿ ಕರಗೋದು ಕಮ್ಮಿ, ಗುಳ್ಳೆ ಮೇಲೆ ಬಂದು ನೀರು ಕಲಕುತ್ತಲ್ಲ, ಅದೇ ಅದರ ಅಸಲಿ ಕೆಲಸ. ಅದು ನಿಂತ್ರೆ ಒಳಗಿರೋ ಕಾರ್ಬನ್ ಡೈಆಕ್ಸೈಡೂ ಬೇಗ ಹೊರಗೆ ಹೋಗಲ್ಲ. ಜೊತೆಗೆ ಈ ಸೆಕೆ ಬೇರೆ, ನೀರು ಬಿಸಿಯಾದಷ್ಟೂ ಆಕ್ಸಿಜನ್ ಹಿಡಿಯೋದು ಕಡಿಮೆ, 25 ಡಿಗ್ರಿಲಿ ಲೀಟರ್‌ಗೆ ಸುಮಾರು 8.2 ಮಿಲಿಗ್ರಾಂ ಇದ್ರೆ 30ರಲ್ಲಿ 7.5ರ ಹತ್ರ, ಅದೂ ಸಮುದ್ರ ಮಟ್ಟದ ಲೆಕ್ಕ, ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದ್ರಿಂದ ಅದರಲ್ಲೂ ಸುಮಾರು 10 ಪರ್ಸೆಂಟ್ ಕಟ್.

ಹಾಗಾಗಿ ಇವತ್ತು ರಾತ್ರಿ ಫುಡ್ ಕಮ್ಮಿ ಹಾಕಿ, ನಾಳೆ ಕರೆಂಟ್ ಬರೋವರೆಗೂ ಬೇಡವೇ ಬೇಡ. ಮುಚ್ಚಳ ಅರ್ಧ ತೆಗೆದಿಡಿ (ಬೆಕ್ಕಿರೋರು ಬಲೆ ಹಾಕಿ 😄). ಅರ್ಧ ಗಂಟೆಗೊಮ್ಮೆ ಮಗ್‌ನಲ್ಲಿ ಅದೇ ಟ್ಯಾಂಕ್ ನೀರು ತೆಗೆದು ಎತ್ತರದಿಂದ ಹುಯ್ಯಿರಿ. ಗಿಡದ ಟ್ಯಾಂಕಿಗೆ ಯೀಸ್ಟ್ ಬಾಟ್ಲಿಯಿಂದ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡೋರು ಪೈಪ್ ಹೊರಗೆ ತೆಗೆದಿಡಿ, ವಾಲ್ವ್ ಮುಚ್ಚಬೇಡಿ, ಬಾಟ್ಲಿ ಒಡೆಯುತ್ತೆ. ಮೀನು ಮೇಲೆ ಬಂದು ಬಾಯಿ ಬಡಿದ್ರೆ ಗಾಬರಿಯಲ್ಲಿ ಬೋರ್ ನೀರು ನೇರ ಹುಯ್ಯಬೇಡಿ, ಅದರಲ್ಲಿ ಆಕ್ಸಿಜನ್ ಕಮ್ಮಿ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರೋದೇ ಹೆಚ್ಚು, ಬೇಕಾಗಬಹುದು ಅಂದ್ರೆ ಇವತ್ತೇ ಬಕೆಟ್‌ಗೆ ತುಂಬಿ ತೆರೆದಿಡಿ.

ನನ್ನ ಹತ್ರ ಬ್ಯಾಟರಿ ಏರ್ ಪಂಪ್ 2 ಇದೆ, ಬೇಕಾದವರು ರಾತ್ರಿ 8ರೊಳಗೆ ಇಲ್ಲೇ ಹೇಳಿ. ಎಕ್ಸ್ಟ್ರಾ ಇರೋರೂ ಹಾಕ್ರಪ್ಪ.