ಬಣ್ಣ ಕೇಳಿದರಷ್ಟೇ ಸಾಲದು

ಮಾನ್ಯರೇ,

ಎಷ್ಟೋ ಅಂಗನವಾಡಿಗಳಲ್ಲಿ ಮಕ್ಕಳ ಆಟದ ಬ್ಲಾಕ್ ವಿಂಗಡಣೆ ‘ಇದು ಯಾವ ಬಣ್ಣ?’ ಎಂಬಲ್ಲಿಗೇ ಮುಗಿಯುತ್ತದೆ. ಮಗು ‘ಕೆಂಪು’ ಅನ್ನುತ್ತದೆ, ಮಾತು ನಿಲ್ಲುತ್ತದೆ.

ಮೂರು ವರ್ಷದ ಮಗುವಿನ ಮುಂದೆ ಡಬ್ಬಿ ಪೂರ್ತಿ ಸುರಿಯಬೇಡಿ. ಒಂದೇ ಆಕಾರದ, ಎರಡೇ ಬಣ್ಣದ 8–10 ಬ್ಲಾಕ್, ಎರಡು ತಟ್ಟೆ ಸಾಕು. ಸಲೀಸಾದ ಮೇಲೆ ಬಣ್ಣ ಒಂದೇ ಇಟ್ಟು ಆಕಾರ ಬದಲಿಸಿ. ಮೊದಲೇ ಎರಡನ್ನೂ ಬೆರೆಸಿದರೆ ಮಗು ನಡುವೆ ನಿಯಮ ಮರೆಯುತ್ತದೆ.

ಬಣ್ಣ ವಿಂಗಡಿಸುವಾಗ ಕೆಂಪು ಚೌಕದ ಪಕ್ಕ ನೀಲಿ ಚೌಕ ಇಟ್ಟರೆ ತಿದ್ದಲು ಹೋಗಬೇಡಿ. ‘ಇಲ್ಲಿ ಯಾಕಿಟ್ಟೆ?’ ಎಂದು ಕೇಳಿ, ಹತ್ತೆಣಿಸುವಷ್ಟು ಕಾಯಿರಿ (ಕಷ್ಟವೇ ಅದು). ‘ಎರಡೂ ಒಂದೇ ಥರ ಇವೆ’ ಎಂಬ ಉತ್ತರದಲ್ಲಿ ಹೋಲಿಕೆಯೂ ಇದೆ, ಕಾರಣವೂ ಇದೆ. ಆ ಉತ್ತರ ತುಳುವಿನಲ್ಲೋ ಲಂಬಾಣಿಯಲ್ಲೋ ಬಂದರೆ ಬರಲಿ. ಬಾಯೊಳಗೆ ಹಿಡಿಯುವಷ್ಟು ಚಿಕ್ಕ ಬ್ಲಾಕ್ ಮಾತ್ರ ಬೇಡ.

— ಕೆಲವು ಅಂಗನವಾಡಿ ಕಾರ್ಯಕರ್ತೆಯರು, ಧಾರವಾಡ